ಸ್ಕ್ಯಾನ್ ಸರಿಯಿದ್ದರೆ ತಲೆನೋವು ಸುಳ್ಳೇ?

ಸ್ಕ್ಯಾನಿನಲ್ಲಿ ಏನೂ ಸಿಕ್ಕಿಲ್ಲ, ಆದರೂ ತಿಂಗಳಲ್ಲಿ 20 ದಿನ ತಲೆ ಸಿಡಿಯುತ್ತದೆ, ಮನೆಯವರು ‘ಎಲ್ಲ ನಿನ್ನ ಮನಸ್ಸಿನದ್ದು’ ಎನ್ನುತ್ತಾರೆ, ಹಾಗಾದರೆ ಮಿದುಳಿನಲ್ಲಿ ನಡೆಯುವುದೇನು ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, 11 ವರ್ಷ ಮೈಗ್ರೇನ್ ಜೊತೆ ಏಗಿದವಳು.

ವಿಚಿತ್ರವೆಂದರೆ, ಮಿದುಳಿನ ತಿರುಳಿಗೆ ನೋವೇ ತಿಳಿಯುವುದಿಲ್ಲ. ರೋಗಿ ಎಚ್ಚರವಿರುವಾಗಲೇ ಅದರ ಶಸ್ತ್ರಚಿಕಿತ್ಸೆ ಮಾಡಲು ಆಗುವುದು ಇದರಿಂದಲೇ. ನೋಯುವುದು ಅದನ್ನು ಸುತ್ತಿದ ಪೊರೆ ಮತ್ತು ರಕ್ತನಾಳಗಳು. ಆ ಸುದ್ದಿಯನ್ನು ಮುಖ ಮತ್ತು ತಲೆಯ ಸಂವೇದನೆಯ ಟ್ರೈಜೆಮಿನಲ್ ನರ ಮಿದುಳಿನ ಬುಡದಲ್ಲಿರುವ ಮಿದುಳುಕಾಂಡಕ್ಕೆ ಒಯ್ಯುತ್ತದೆ. ಕುತ್ತಿಗೆಯ ಮೇಲ್ಭಾಗದ ನರಗಳೂ ಅಲ್ಲಿಗೇ ಬಂದು ಸೇರುವುದರಿಂದ ತಲೆಯ ಜೊತೆ ಕತ್ತೂ ನೋಯುತ್ತದೆ.

ನಿತ್ಯ ನೋವುಂಡರೆ ಒಗ್ಗಿಹೋಗುತ್ತದೆ ಎಂದುಕೊಳ್ಳುತ್ತೇವೆ. ಇಲ್ಲಿ ಆಗುವುದು ತದ್ವಿರುದ್ಧ. ಅದೇ ಸುದ್ದಿ ಪದೇ ಪದೇ ಬಂದು ಮಿದುಳುಕಾಂಡದ ನರಕೋಶಗಳು ಮುಂಗೋಪಿಗಳಾಗುತ್ತವೆ, ಬರೀ ಸ್ಪರ್ಶಕ್ಕೂ ನೋವೆಂದು ಕೂಗುತ್ತವೆ. ನಾದಿನಿಯ ಮದುವೆಯಲ್ಲಿ ನನಗೆ ಮುಡಿಸಿದ ಮಲ್ಲಿಗೆ ದಂಡೆ ಕಲ್ಲು ಕಟ್ಟಿದಂತಿತ್ತು. ಬಾಚಣಿಗೆ ತಾಕಿದರೆ ಕೂದಲ ಬುಡವೆಲ್ಲ ಉರಿ. ‘ಹೂವಿಗೂ ನೋವೇನಮ್ಮಾ?’ ಎಂದು ಅತ್ತೆ ನಕ್ಕರು. ಅದಕ್ಕೆ ಅಲೊಡೈನಿಯಾ ಎಂಬ ಹೆಸರೇ ಇದೆ ಎಂದು ಆಮೇಲೆ ತಿಳಿದಾಗ, ನಿಜ ಹೇಳುತ್ತೇನೆ, ಅತ್ತುಬಿಟ್ಟೆ. ಸ್ಕ್ಯಾನ್ ಗಡ್ಡೆಯನ್ನೋ ರಕ್ತಸ್ರಾವವನ್ನೋ ತೋರಿಸೀತು, ಈ ಮುಂಗೋಪವನ್ನಲ್ಲ.

ಮನೆಯವರ ಮಾತಿನಲ್ಲಿ ಕಾಲುಭಾಗ ಸತ್ಯವಿದೆ. ನೋವನ್ನು ಹತ್ತಿಕ್ಕುವ ವ್ಯವಸ್ಥೆಯೂ ಮಿದುಳಿನಲ್ಲೇ ಇದೆ. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಿದರೆ ಅದು ಸೋಲುತ್ತದೆ. ಹಾಗೆಂದು ನೋವು ಸುಳ್ಳಾಗುವುದಿಲ್ಲ.

ನಾನು ಎಡವಿದ್ದು ಮಾತ್ರೆಯಲ್ಲಿ. ಪ್ಯಾರಾಸಿಟಮಾಲ್‌ನಂಥವು ತಿಂಗಳಿಗೆ 15 ದಿನ, ಮೈಗ್ರೇನಿಗೆಂದೇ ಕೊಡುವ ಟ್ರಿಪ್ಟಾನ್ ಅಥವಾ ಹಲವು ಮದ್ದು ಬೆರೆತ ನೋವಿನ ಮಾತ್ರೆಗಳು 10 ದಿನ ಮುಟ್ಟಿ, ಮೂರು ತಿಂಗಳು ದಾಟಿದರೆ, ಮಾತ್ರೆಯೇ ತಲೆನೋವು ತರಬಲ್ಲದು. ನರರೋಗ ತಜ್ಞರು ಹೇಳಿದಂತೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆಲ್ಲ ಕೆಂಪು ಚುಕ್ಕಿ ಇಟ್ಟೆ. ತಿಂಗಳ ಕೊನೆಗೆ 19 ಚುಕ್ಕಿ! ಅವರ ನಿಗಾದಲ್ಲೇ ಆ ಮಾತ್ರೆಯ ಅಭ್ಯಾಸ ಬಿಟ್ಟೆ. ಮೊದಲ ಹತ್ತು ದಿನ ನರಕ. ಮೂರು ತಿಂಗಳಿಗೆ ಚುಕ್ಕಿಗಳು ಆರಕ್ಕೆ ಇಳಿದವು. ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ. ಹಿಂದೆಂದೂ ಕಾಣದ ನೋವು ಸಿಡಿಲಿನಂತೆ ಎರಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಂದಹಾಗೆ, ಎಷ್ಟು ದಿನ ನೋವು ಎಂದು ಬರೆದಿದ್ದೀರಿ, ಎಷ್ಟು ದಿನ ಮಾತ್ರೆ ಎಂದು ಬರೆದಿಲ್ಲ.