ಡೀಸೆಲ್ ಟ್ಯಾಂಕಿನ ನೀರು: ಬರೀ ಫಿಲ್ಟರ್ ಬದಲಿಸಿದರೆ ಸಾಲದು

ಸಂಡೂರಿನಿಂದ ತೋರಣಗಲ್ಲಿಗೆ ಅದಿರು ಸಾಗಿಸುವ ತಮ್ಮ ಬಿಎಸ್ 6 (ಹೊಗೆ ಮಿತಿಯ ನಿಯಮ) ಲಾರಿಯಲ್ಲಿ ಫಿಲ್ಟರ್ ಬದಲಿಸಿದ ಮೇಲೂ ನೀರಿನ ಎಚ್ಚರಿಕೆ ದೀಪ ಹತ್ತುತ್ತಿದೆ, ಹಾಗೆಯೇ ಓಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಓಡಿಸಬೇಡಿ. ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳಿಗೆಲ್ಲ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಇಂಥ ಕಾಮನ್ ರೈಲ್ ಎಂಜಿನ್ನಿನಲ್ಲಿ ಅದರ ಒತ್ತಡವು 1,600 ಬಾರ್ ದಾಟಬಹುದಾದ್ದರಿಂದ, ಡೀಸೆಲ್ಲಿನ ಜಿಡ್ಡನ್ನೇ ನೆಚ್ಚಿಕೊಂಡಿರುವ ಪಂಪು ಮತ್ತು ಇಂಜೆಕ್ಟರುಗಳು ನೀರು ಹೊಕ್ಕರೆ ಸವೆದು, ತುಕ್ಕು ಹಿಡಿದು ಕೆಡುತ್ತವೆ. ಆ ಖರ್ಚಿನ ಮುಂದೆ ಒಂದು ದಿನದ ಬಾಡಿಗೆ ಏನೂ ಅಲ್ಲ.

ನೀರು ಟ್ಯಾಂಕಿನ ತಳದಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು. ಅದು ಡೀಸೆಲ್ಲಿಗಿಂತ ಭಾರವಾದ್ದರಿಂದ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ ಟ್ಯಾಂಕಿನ ತಳದ ಡ್ರೈನ್ ಬೋಲ್ಟ್ ಸಡಿಲಿಸಿ, ಇಳಿದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಡಿ. ಸ್ವಲ್ಪ ಹೊತ್ತಿನಲ್ಲಿ ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಸ್ಪಷ್ಟವಾದ ಗೆರೆ ಕಾಣುತ್ತದೆ. ಆ ಗೆರೆಯಲ್ಲಿ ಕಪ್ಪು ಲೋಳೆ ಕಂಡರೆ ಸೂಕ್ಷ್ಮಜೀವಿಗಳು ಬೆಳೆದಿರಬಹುದು. ಆಗ ಟ್ಯಾಂಕನ್ನೇ ಇಳಿಸಿ ತೊಳೆಸಬೇಕಾಗುತ್ತದೆ.

ಬಳಿಕ ಡೀಸೆಲ್ಲಿನಿಂದ ನೀರನ್ನು ಬೇರ್ಪಡಿಸುವ ಸಪರೇಟರ್ ಬಟ್ಟಲನ್ನು ಖಾಲಿ ಮಾಡಿ, ಹೊಸ ಫಿಲ್ಟರುಗಳನ್ನು ಹಾಕಿ, ಕೈಪಂಪಿನಿಂದ ಗಾಳಿ ತೆಗೆಯಿರಿ. ಇಂಜೆಕ್ಟರ್ ಪೈಪು ಸಡಿಲಿಸಿ ಗಾಳಿ ತೆಗೆಯುವ ಹಳೆಯ ಪದ್ಧತಿ ಈ ಎಂಜಿನ್ನಿಗೆ ಸಲ್ಲದು, ಜೀವಕ್ಕೂ ಅಪಾಯ. ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರನ್ನೂ ಪರೀಕ್ಷಿಸಿ: ಕೆಂಧೂಳು ತೊಳೆಯಲೆಂದು ಪೈಪಿನಿಂದ ರಭಸವಾಗಿ ಹೊಡೆಸುವ ನೀರು ಅಲ್ಲಿಂದಲೂ ಒಳಗಿಳಿಯುತ್ತದೆ.