ಸ್ಲೈಡ್ ಮೇಲೆ ಟಾಪರ್: ಹಾಕಿಸೋದಾ, ಬಿಡೋದಾ?

ಗಾಲಿ ಮೇಲಿನ ಮನೆ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ನಮಸ್ಕಾರ ಅಕ್ಕ. ಮಕ್ಕಳಿಬ್ಬರೂ ಕಾಲೇಜಿಗೆ ಹೋದ ಮೇಲೆ ನಾವು 30 ಅಡಿಯ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಮನೆ) ಕೊಂಡೆವು, ಸೆಕೆಂಡ್ ಹ್ಯಾಂಡ್. ಎರಡು ಸ್ಲೈಡ್ ಇವೆ. ಸೋಫಾ, ಊಟದ ಮೇಜು ಇರುವ ದೊಡ್ಡದೊಂದು. ಮಲಗುವ ಕೋಣೆಯಲ್ಲಿ ಬಟ್ಟೆ ಬೀರು ಇರುವ ಚಿಕ್ಕದೊಂದು. ಸರ್ವೀಸ್‌ಗೆ ಬಿಟ್ಟಾಗ ಅಂಗಡಿಯವನು, ‘ಎರಡಕ್ಕೂ ಟಾಪರ್ ಹಾಕಿಸಿಬಿಡಿ, ಇಲ್ಲದಿದ್ದರೆ ಮಳೆ ನೀರು ಒಳಗೆ ಬರುತ್ತೆ’ ಎಂದು ಹೆದರಿಸಿದ. 1,100 ಡಾಲರ್ ಕೇಳುತ್ತಿದ್ದಾನೆ. ನಮ್ಮ ಯಜಮಾನರು ದಂಡ ಅನ್ನುತ್ತಾರೆ. ನನಗೆ ನೀರಿನ ಭಯ. ನಾವು ಜಾಸ್ತಿ ಹೋಗುವುದು ಟೈಲರ್ ಸ್ಟೇಟ್ ಪಾರ್ಕ್, ಕ್ಯಾಡೋ ಲೇಕ್ ಕಡೆಗೆ. ವರ್ಷಕ್ಕೊಮ್ಮೆ ಪಾಲೋ ಡೂರೋ. ಏನು ಮಾಡಲಿ?
ಪ್ಲೇನೋ, ಟೆಕ್ಸಾಸ್

ಉತ್ತರ: ದೊಡ್ಡದಕ್ಕೆ ಹಾಕಿಸಿ. ಚಿಕ್ಕದನ್ನು ಬಿಡಿ. ಯಜಮಾನರಿಗೆ ಒಂದಿಷ್ಟು ದುಡ್ಡು ಉಳಿಯಿತು, ನಿಮಗೆ ನಿದ್ದೆ ಉಳಿಯಿತು. ನಿದ್ದೆಯ ಮಾತು ಯಾಕೆ ಬಂತು ಅಂತ ಆಮೇಲೆ ಹೇಳುತ್ತೇನೆ.

ಆರ್‌ವಿ, ಅಂದರೆ ಇಂಥ ಗಾಲಿ ಮೇಲಿನ ಮನೆ, ಇಲ್ಲದ ಓದುಗರೂ ಈ ಪುಟ ಓದುತ್ತಾರೆ, ಅವರಿಗೆ ಎರಡು ಮಾತು. ಟ್ರೇಲರ್ ನಿಲ್ಲಿಸಿದ ಮೇಲೆ ಗುಂಡಿ ಒತ್ತಿದರೆ ಗೋಡೆಯ ಒಂದು ಭಾಗವೇ ಸೋಫಾ ಸಮೇತ ಎರಡು ಮೂರು ಅಡಿ ಹೊರಗೆ ಸರಿಯುತ್ತದೆ. ಒಳಗೆ ಓಡಾಡಲು ಜಾಗ ಆಗುತ್ತದೆ. ಅದೇ ಸ್ಲೈಡ್. ಹೊರಗೆ ಬಂದ ಈ ಭಾಗಕ್ಕೆ ತನ್ನದೇ ಚಾವಣಿ ಇರುತ್ತದೆ, ಹೆಚ್ಚು ಕಡಿಮೆ ಚಪ್ಪಟೆ. ಟಾಪರ್ ಎಂದರೆ ಅದರ ಮೇಲೆ ಹರಡಿಕೊಳ್ಳುವ ಬಟ್ಟೆ. ಒಂದು ಅಂಚು ಟ್ರೇಲರ್ ಗೋಡೆಗೆ. ಇನ್ನೊಂದು ಅಂಚು ಸ್ಲೈಡಿನ ಹೊರತುದಿಯಲ್ಲಿರುವ ರೋಲರ್‌ಗೆ. ರೋಲರ್ ಒಳಗೆ ಸ್ಪ್ರಿಂಗ್ ಇದೆ. ಸ್ಲೈಡ್ ಹೊರಗೆ ಹೋದಾಗ ಬಟ್ಟೆ ಬಿಚ್ಚಿಕೊಳ್ಳುತ್ತದೆ, ಒಳಗೆ ಬಂದಾಗ ಸುತ್ತಿಕೊಳ್ಳುತ್ತದೆ. ನೀವೇನೂ ಮಾಡಬೇಕಿಲ್ಲ.

ಈಗ ಅಂಗಡಿಯವನ ಮಾತಿಗೆ ಬರೋಣ. ಮಳೆ ತಡೆಯುವುದು ಟಾಪರ್ ಕೆಲಸವಲ್ಲ, ಅದು ಸೀಲ್‌ನ ಕೆಲಸ. ಸ್ಲೈಡ್ ಸುತ್ತ ಕಪ್ಪು ರಬ್ಬರ್ ಪಟ್ಟಿ ಇರುತ್ತದಲ್ಲ, ಅದು. ಟಾಪರ್ ಇಲ್ಲದೆಯೇ ಎಷ್ಟೋ ಟ್ರೇಲರ್‌ಗಳು ಕಾರ್ಖಾನೆಯಿಂದ ಹೊರಗೆ ಬರುತ್ತವೆ. ಮಳೆ ಬಂದರೆ ಸೋರಲಿ ಅಂತ ಯಾರೂ ಮಾಡಿರುವುದಿಲ್ಲ. ನಿಮ್ಮದು ಈಗಾಗಲೇ ಸೋರುತ್ತಿದ್ದರೆ ಮೊದಲು ಸೀಲ್ ನೋಡಿಸಿ. ಸೋರುವ ಸ್ಲೈಡಿಗೆ ಟಾಪರ್ ಹಾಕಿಸಿದರೆ ಸೋರುವುದು ನಿಲ್ಲುವುದಿಲ್ಲ, ನಿಮಗೆ ಗೊತ್ತಾಗುವುದು ತಡ ಆಗುತ್ತದೆ ಅಷ್ಟೆ. ಸ್ಲೈಡ್‌ಗಳ ನೆಲ ಬಹಳ ಕಡೆ ಮರದ ಚಕ್ಕೆ ಒತ್ತಿ ಮಾಡಿದ ಹಲಗೆ. ಅಂಚಿನಲ್ಲಿ ನೀರು ಕುಡಿದರೆ ಉಬ್ಬಿ, ಬಿಸ್ಕತ್ತಿನ ಹಾಗೆ ಉದುರುತ್ತದೆ. ಸೆಕೆಂಡ್ ಹ್ಯಾಂಡ್ ಅಂದಿರಿ, ಇವತ್ತೇ ಹೊರಗಿನಿಂದ ಕೈ ಹಾಕಿ ಸ್ಲೈಡಿನ ಕೆಳ ಅಂಚು ಒತ್ತಿ ನೋಡಿ. ಮೆತ್ತಗಿದ್ದರೆ ಆ 1,100 ಡಾಲರ್ ಅಲ್ಲಿಗೆ ಬೇಕಾಗುತ್ತದೆ.

ಹಾಗಾದರೆ ಟಾಪರ್ ಯಾಕೆ? ಕಸಕ್ಕೆ. ನೀವು ಹೋಗುವ ಊರುಗಳ ಹೆಸರು ನೋಡಿದ ತಕ್ಷಣ ನಾನು ‘ಹಾಕಿಸಿ’ ಅಂದಿದ್ದು ಅದಕ್ಕೇ.

ಟೈಲರ್ ಕಡೆ ಎಲ್ಲ ಪೈನ್ ಮರ. ಅಲ್ಲಿನ ಲಾಬ್ಲಾಲಿ ಎಂಬ ಜಾತಿಯ ಪೈನ್‌ನ ಸೂಜಿಯಂಥ ಎಲೆ 6ರಿಂದ 9 ಇಂಚು ಉದ್ದ ಇರುತ್ತದೆ, ಸಾಮಾನ್ಯವಾಗಿ ಮೂರು ಮೂರು ಒಂದೇ ಬುಡಕ್ಕೆ ಅಂಟಿಕೊಂಡಿರುತ್ತದೆ. ಎರಡು ರಾತ್ರಿ ನಿಂತರೆ ಸಾಕು, ಸ್ಲೈಡ್ ಚಾವಣಿ ತುಂಬ ಅದೇ. ಕ್ಯಾಡೋ ಲೇಕ್‌ನಲ್ಲಿ ಬಾಲ್ಡ್ ಸೈಪ್ರೆಸ್. ನೋಡಲು ದೇವದಾರುವಿನ ಹಾಗೆ ಕಂಡರೂ ಚಳಿಗಾಲಕ್ಕೆ ಎಲೆ ಉದುರಿಸುವ ಮರ ಅದು. ಕಂದು ಬಣ್ಣದ ಸಣ್ಣ ಸಣ್ಣ ಎಲೆ, ಒದ್ದೆಯಾದರೆ ಅಂಟು ಹಚ್ಚಿದ ಹಾಗೆ ಕೂರುತ್ತದೆ. ನೀವು ಹೊರಡುವ ದಿನ ಗುಂಡಿ ಒತ್ತುತ್ತೀರಿ. ಸ್ಲೈಡ್ ಒಳಗೆ ಬರುತ್ತದೆ. ಮೇಲಿನ ರಬ್ಬರ್ ಪಟ್ಟಿ ನೀರನ್ನು ಒರೆಸಿ ಹೊರಗೆ ತಳ್ಳಬೇಕು. ಆದರೆ ಒಂದು ಸೂಜಿ ಪಟ್ಟಿಯ ಕೆಳಗೆ ಸಿಕ್ಕಿಕೊಂಡಿತು ಅಂದುಕೊಳ್ಳಿ, ಪಟ್ಟಿ ಅಲ್ಲಿ ಕೂದಲೆಳೆಯಷ್ಟು ಮೇಲೆದ್ದು ನಿಲ್ಲುತ್ತದೆ. ಆ ಸಂದಿಯಲ್ಲಿ ನೀರು ಸೂಜಿಯ ಜೊತೆಗೇ ಒಳಗೆ ಬರುತ್ತದೆ. ದಾರಿಯುದ್ದಕ್ಕೂ ಕಾರ್ಪೆಟ್ ಮೇಲೆ ತೊಟ್ಟಿಕ್ಕುತ್ತದೆ. ಕಸದ ಜೊತೆ ಮರಳೂ ಇದ್ದರೆ ಪಟ್ಟಿಯೂ ಸವೆಯುತ್ತದೆ, ಚಾವಣಿಯ ಪೊರೆಯೂ ಗೀರಾಗುತ್ತದೆ. ಅಂಗಡಿಯವನು ಹೇಳಿದ ನೀರು ಬರುವುದು ಹೀಗೆ, ಆಕಾಶದಿಂದ ನೇರವಾಗಿ ಅಲ್ಲ.

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮನೆ ಸೋರದ ಹಾಗೆ ಮಾಡಲು ಹೆಂಚು ಇತ್ತು. ತಟ್ಟಿ ಇದ್ದದ್ದು ಗೋಡೆ ಸವೆಯದಿರಲಿ ಎಂದು. ಟಾಪರ್‌ನಿಂದಲೂ ಅಷ್ಟನ್ನೇ ಬಯಸಿ.

ಇನ್ನು ಅದರ ಕಾಟಗಳು. ಯಾವ ಅಂಗಡಿಯವನೂ ಹೇಳುವುದಿಲ್ಲ.

ಒಂದು, ಪಟಪಟ ಸದ್ದು. ಗಾಳಿ ಬಟ್ಟೆಯ ಕೆಳಗೆ ಹೊಕ್ಕರೆ ಉಬ್ಬುತ್ತದೆ, ಮತ್ತೆ ಬಡಿಯುತ್ತದೆ. ಹಗಲು ಗೊತ್ತಾಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಯಾರೋ ಚಾವಣಿ ಮೇಲೆ ಚಾಪೆ ಕೊಡವಿದ ಹಾಗೆ ಕೇಳಿಸುತ್ತದೆ. ನಿಮ್ಮ ಚಿಕ್ಕ ಸ್ಲೈಡ್ ಮಲಗುವ ಕೋಣೆಯಲ್ಲಿ ಇದೆ ಅಂದಿರಿ. ಹಾಸಿಗೆಗೂ ಅದಕ್ಕೂ ಎಷ್ಟು ದೂರ? ಒಂದೂವರೆ ಅಡಿ ಇದ್ದರೆ ಹೆಚ್ಚು. ಅಲ್ಲಿಗೆ ಟಾಪರ್ ಬೇಡ. ಚಿಕ್ಕ ಚಾವಣಿ, ಏಣಿ ಇಟ್ಟು ಉದ್ದ ಕೋಲಿನ ಬ್ರಷ್‌ನಲ್ಲಿ ಎರಡು ಸಲ ಎಳೆದರೆ ಮುಗಿಯಿತು. ದೊಡ್ಡದರ ಮೇಲೆ ಆ ಕೆಲಸ ಸೊಂಟ ಮುರಿಯುತ್ತದೆ, ಅದೂ ಒದ್ದೆ ಏಣಿ ಮೇಲೆ, ನಮ್ಮ ವಯಸ್ಸಿನಲ್ಲಿ.

ಗಾಳಿ ಬರೀ ಸದ್ದು ಮಾಡಿ ಸುಮ್ಮನಾಗುವುದಿಲ್ಲ. ಪಾಲೋ ಡೂರೋಗೆ ಹೋಗುವವರಿಗೆ ಅಲ್ಲೇ ಹತ್ತಿರದ ಅಮರಿಲ್ಲೋ ಊರಿನ ಸುತ್ತಮುತ್ತಲ ಜೋರು ಗಾಳಿ ಗೊತ್ತೇ ಇರುತ್ತದೆ. ಜೋರು ಗಾಳಿಗೆ ರೋಲರ್ ತಾನೇ ಬಿಚ್ಚಿಕೊಂಡು ಬಟ್ಟೆ ಹಾಯಿಯಂತೆ ಏಳುತ್ತದೆ, ಆಮೇಲೆ ಹೊಲಿಗೆ ಕಿತ್ತುಹೋಗುತ್ತದೆ. ಬಿರುಗಾಳಿ ಮುನ್ಸೂಚನೆ ಬಂದರೆ ಸ್ಲೈಡ್ ಒಳಗೆ ಎಳೆದು ಒಂದು ರಾತ್ರಿ ಇಕ್ಕಟ್ಟಿನಲ್ಲಿ ಮಲಗಿ. ಹೈವೇ ಮೇಲೂ ಇದೇ ಕಥೆ. ಅಡ್ಡಗಾಳಿಗೆ ಸುತ್ತಿಟ್ಟ ಬಟ್ಟೆ ಬಿಚ್ಚಿಕೊಳ್ಳದಂತೆ ತಡೆಯುವ ಲಾಕ್ ಇರುವ ಮಾದರಿಯನ್ನೇ ಕೇಳಿ. ಇದರಲ್ಲಿ ಉಳಿತಾಯ ಮಾಡಬೇಡಿ.

ಇನ್ನೊಂದು, ನೀರು ನಿಲ್ಲುವುದು. ಉದ್ದ ಸ್ಲೈಡಿನಲ್ಲಿ ಬಟ್ಟೆ ನಡುವೆ ಸ್ವಲ್ಪ ಜೋಲುತ್ತದೆ. ದೊಡ್ಡ ಮಳೆ ಬಂದರೆ ಅಲ್ಲಿ ಬಕೆಟ್‌ಗಟ್ಟಲೆ ನೀರು. ಹೊರಡುವಾಗ ಸ್ಲೈಡ್ ಒಳಗೆ ಎಳೆದರೆ ಅಷ್ಟೂ ನೀರು ಒಂದೇ ಸಲಕ್ಕೆ ಹೊರ ಅಂಚಿನಿಂದ ಧುಮುಕುತ್ತದೆ. ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನಲ್ಲಿ ಒಮ್ಮೆ ನಾನು ಒಳಗಿನಿಂದ ಗುಂಡಿ ಒತ್ತಿದೆ. ನಮ್ಮನೆಯವರು ಅದೇ ಪಕ್ಕದಲ್ಲಿ ಬಗ್ಗಿ ಕೊಳಚೆ ಪೈಪು ಬಿಚ್ಚುತ್ತಿದ್ದರು. ತಲೆ ಮೇಲೆ ಸರಿಯಾಗಿ ಅಭಿಷೇಕ. ಕೊಳಚೆ ಪೈಪಿನ ಕೆಲಸಕ್ಕೆ ಹೇಗಿದ್ದರೂ ಸ್ನಾನ ಆಗಲೇಬೇಕಲ್ಲ ಅಂದೆ. ಅವರಿಗೆ ನಗು ಬರಲಿಲ್ಲ.

ಇದಕ್ಕೆ ಉಪಾಯ ಸುಲಭ. ಟ್ರೇಲರ್ ನಿಲ್ಲಿಸುವಾಗಲೇ ಸ್ಲೈಡ್ ಇರುವ ಕಡೆ ಒಂದು ಎಳೆ ತಗ್ಗಾಗಿರಲಿ, ನೀರು ತಾನೇ ಇಳಿಯುತ್ತದೆ. ಗ್ಯಾಸ್‌ನಲ್ಲೂ ನಡೆಯುವ ಹಳೇ ತರಹದ ಫ್ರಿಜ್ ಇದ್ದರೆ ಹೆಚ್ಚು ಓರೆ ಬೇಡ, ಅದಕ್ಕೆ ಸಮತಟ್ಟು ಬೇಕು. ನೀರು ನಿಂತಿದ್ದರೆ ಸ್ಲೈಡನ್ನು ಒಂದಡಿ ಒಳಗೆ ಎಳೆದು, ನೀರು ಇಳಿದ ಮೇಲೆ ಮತ್ತೆ ಹೊರಗೆ ಬಿಡಿ. ಕೆಲವರು ಬಟ್ಟೆಯ ಕೆಳಗೆ ಮಕ್ಕಳಾಡುವ ಬೀಚ್ ಬಾಲ್ ಊದಿ ಇಡುತ್ತಾರೆ, ನಡುವೆ ಎತ್ತರವಾಗಿ ನೀರು ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಒಂದೇ ಕಡೆ ಇರುವವರಿಗೆ ಸರಿ. ವಾರಾಂತ್ಯಕ್ಕೆ ಹೋಗಿ ಬರುವ ನಿಮಗೆ ಬೇಡ. ಮರೆತು ಸ್ಲೈಡ್ ಎಳೆದರೆ ಚೆಂಡಂತೂ ಹೋಗುತ್ತದೆ, ಬಟ್ಟೆಯನ್ನೂ ಹರಿದುಕೊಂಡು ಹೋಗುತ್ತದೆ.

ಟಾಪರ್ ಹಾಕಿಸಿದ ಮೇಲೂ ಬ್ರಷ್ ಮಾರಬೇಡಿ. ಎರಡು ಬದಿ ತೆರೆದೇ ಇರುತ್ತದೆ, ಗಾಳಿಗೆ ಎಲೆ ನುಗ್ಗುತ್ತದೆ. ಕಣಜ ಗೂಡು ಕಟ್ಟುವುದೂ ಉಂಟು. ಹೊರಡುವ ಮುಂಚೆ ಬದಿಯಿಂದ ಒಮ್ಮೆ ಬಗ್ಗಿ ನೋಡಿ, ಕಸ ಇದ್ದರೆ ಬ್ಲೋವರ್ ಹಿಡಿಯಿರಿ.

ಕೊನೆಗೆ, ಹಾಕುವವರ ಕೈ. ನೀರು ತಡೆಯಲು ಹೊರಟು ಗೋಡೆಗೇ ಸಾಲು ತೂತು ಕೊರೆಯುತ್ತಾರೆ, ಇದನ್ನು ಮರೆಯಬೇಡಿ. ಸ್ಕ್ರೂ ಹೋಗುವ ಕಡೆ ಗೋಡೆಯೊಳಗೆ ಗಟ್ಟಿ ಪಟ್ಟಿ ಇದೆಯಾ ಕೇಳಿ. ಕೆಲವು ಟ್ರೇಲರ್‌ಗಳಲ್ಲಿ ಕಾರ್ಖಾನೆಯಲ್ಲೇ ಇಟ್ಟಿರುತ್ತಾರೆ. ಬಟ್ಟೆಯ ಅಂಚು ಕೂರಲು ಗೋಡೆಗೆ ಹಾಕುವ ಹಳಿಯ ಹಿಂದೆ ಬ್ಯುಟೈಲ್ ಟೇಪ್ (ಮೆತ್ತನೆಯ ಅಂಟು ಪಟ್ಟಿ), ಮೇಲಂಚಿಗೆ ಸಂದಿ ಮುಚ್ಚುವ ಸೀಲಂಟ್ ಕಡ್ಡಾಯ. ಸ್ಲೈಡಿಗೂ ಚಾವಣಿ ಅಂಚಿಗೂ ನಡುವೆ ಹಳಿ ಕೂರುವಷ್ಟು ಜಾಗ ಇರಬೇಕು. ಅಳತೆ ತೆಗೆಯದೆ ರೇಟು ಹೇಳುವವನ ಹತ್ತಿರ ಮಾಡಿಸಬೇಡಿ. ಕೇರ್‌ಫ್ರೀ, ಡಾಮೆಟಿಕ್, ಲಿಪರ್ಟ್ ಮೂರೂ ಕಂಪನಿಯವರದ್ದು ಸಿಗುತ್ತದೆ, ಯಾವುದಾದರೂ ಆದೀತು. ಯಜಮಾನರು ತಾವೇ ಹಾಕುತ್ತೇನೆ ಎಂದರೆ ಇಬ್ಬರು ಜೊತೆಗಿರಲಿ. ಬಿಗಿ ಮಾಡಿದ ಸ್ಪ್ರಿಂಗ್ ಕೈ ತಪ್ಪಿದರೆ ಬೆರಳು ಮುರಿಯುತ್ತದೆ. ಇದು ತಮಾಷೆಯ ಮಾತಲ್ಲ.

ಪ್ರಶ್ನೆ: ನಮ್ಮ ಟಾಪರ್ ಬಟ್ಟೆ ವಿನೈಲ್. ಬಿಸಿಲಿಗೆ ಬಿರುಕು ಬಿಟ್ಟಿದೆ. ಬಟ್ಟೆ ಮಾತ್ರ ಬದಲಿಸಬಹುದಾ, ಪೂರ್ತಿ ತೆಗೆದು ಬಿಡಲಾ? ಬೇಸಿಗೆಯಲ್ಲಿ ಸ್ಲೈಡ್ ತಂಪಾಗಿರುತ್ತೆ ಎಂದು ಹಾಕಿಸಿದ್ದೆವು.
ಫೀನಿಕ್ಸ್, ಅರಿಜೋನಾ

ಉತ್ತರ: ಬಟ್ಟೆ ಮಾತ್ರ ಬದಲಿಸಬಹುದು. ರೋಲರ್, ಸ್ಪ್ರಿಂಗ್ ಚೆನ್ನಾಗಿದ್ದರೆ ಹೊಸದು ಬೇಕಿಲ್ಲ. ಆದರೆ ನಿಮ್ಮ ಊರಿನಲ್ಲಿ ಮರ ಎಲ್ಲಿದೆ? ಮರುಭೂಮಿಯಲ್ಲೇ ಸುತ್ತುವವರಿಗೆ ನಾನು ತೆಗೆದುಬಿಡಿ ಅನ್ನುತ್ತೇನೆ. ನೆರಳು ಬೀಳುತ್ತದೆ, ಸ್ವಲ್ಪ ಬಿಸಿ ಕಡಿಮೆಯಾಗುತ್ತದೆ, ನಿಜ. ಅದಕ್ಕಾಗಿ ಅಷ್ಟು ದುಡ್ಡು ಜಾಸ್ತಿ ಆಯಿತು. ಹಳಿ ಹಾಗೇ ಇರಲಿ, ಕಿತ್ತರೆ ತೂತು ಮುಚ್ಚುವ ಕೆಲಸ ಬೀಳುತ್ತದೆ.

ಬೇಸಿಗೆಗೆ ಫ್ಲ್ಯಾಗ್‌ಸ್ಟಾಫ್ ಕಡೆ ಪೈನ್ ಕಾಡಿಗೆ ಹೋಗುವವರಾದರೆ ಮಾತ್ರ ಹೊಸ ಬಟ್ಟೆ ಹಾಕಿಸಿ. ಆಗ ಅಕ್ರಿಲಿಕ್ ನೋಡಿ, ಬಿಸಿಲು ತಡೆಯುತ್ತದೆ. ಆದರೆ ನೀರು ನಿಂತರೆ ನಿಧಾನಕ್ಕೆ ಜಿನುಗುತ್ತದೆ. ಯಾವ ಬಟ್ಟೆಯಾದರೂ ಮೊದಲು ಸೋಲುವುದು ಹೊಲಿಗೆಯ ನೂಲು, ಬಿಸಿಲಿಗೆ ಬಾಳುವ ನೂಲು ಕೇಳಿ. ಸುತ್ತಿದಾಗ ಬಟ್ಟೆಯ ಮೇಲೆ ತಗಡಿನ ಕವಚ ಬರುವ ಮಾದರಿಯೂ ಇದೆ, ನಿಲ್ಲಿಸಿಟ್ಟ ತಿಂಗಳುಗಳಲ್ಲಿ ಬಿಸಿಲು ತಾಗುವುದಿಲ್ಲ. ನಿಮ್ಮ ಮಾನ್ಸೂನ್ ಜೂನ್ 15ರಿಂದ ಸೆಪ್ಟೆಂಬರ್ 30ರ ತನಕ ಅಲ್ವಾ? ಆ ತಿಂಗಳುಗಳಲ್ಲಿ ಧೂಳುಗಾಳಿಯ ಎಚ್ಚರಿಕೆ ಬಂದರೆ ಸ್ಲೈಡ್ ಒಳಗೆ ಇರಲಿ.

ಪ್ರಶ್ನೆ: ಅಕ್ಕ, ಚಳಿಗಾಲದಲ್ಲಿ ಹಿಮದ ಭಾರಕ್ಕೆ ಟಾಪರ್ ಹರಿಯುತ್ತದಾ? ಆಲಿಕಲ್ಲಿಗೆ?
ಕ್ಯಾಲ್ಗರಿ, ಕೆನಡಾ

ಉತ್ತರ: ಚಳಿಗಾಲದಲ್ಲಿ ಟ್ರೇಲರ್ ಸುಮ್ನೆ ನಿಲ್ಲಿಸಿಡುತ್ತೀರಾದರೆ ಸ್ಲೈಡ್ ಒಳಗೇ ಇರುತ್ತದೆ, ಬಟ್ಟೆ ಸುತ್ತಿಕೊಂಡಿರುತ್ತದೆ. ಚಿಂತೆ ಇಲ್ಲ. ಸುತ್ತುವ ಮುಂಚೆ ಬಟ್ಟೆ ಒಣಗಿರಲಿ, ಇಲ್ಲದಿದ್ದರೆ ವಸಂತದಲ್ಲಿ ಬೂಷ್ಟು.

ಹಿಮದಲ್ಲೂ ಸ್ಲೈಡ್ ಹೊರಗಿಟ್ಟು ಬಾಳುವವರಿಗೆ ಟಾಪರ್ ತಲೆನೋವು. ಹಿಮದ ಭಾರಕ್ಕೆ ಬಟ್ಟೆ ಚಾವಣಿಗೆ ತಾಗುವ ತನಕ ಜೋಲುತ್ತದೆ. ನಿಮ್ಮಲ್ಲಿ ಚಿನೂಕ್ ಎಂಬ ಬೆಚ್ಚನೆ ಗಾಳಿ ಬೀಸಿ ಮಧ್ಯಾಹ್ನ ಕರಗುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಆ ಮಂಜುಗಡ್ಡೆ ಇರುವಾಗ ಸ್ಲೈಡ್ ಎಳೆಯಲೇಬೇಡಿ, ಕೋಲಿನಿಂದ ಬಡಿಯಲೂ ಬೇಡಿ. ಮೆತ್ತನೆ ಬ್ರಷ್‌ನಲ್ಲಿ ಹಿಮ ಬಿದ್ದಾಗಲೇ ತಳ್ಳಿ. ಆಲಿಕಲ್ಲಿನ ವಿಷಯದಲ್ಲಿ, 2020ರ ಜೂನ್‌ನಲ್ಲಿ ನಿಮ್ಮ ಊರಿನ ಈಶಾನ್ಯ ಭಾಗದಲ್ಲಿ ಬಿದ್ದಂಥದ್ದು ಮನೆಗಳ ಗೋಡೆಯನ್ನೇ ತೂತು ಮಾಡಿತ್ತು. ಅದರ ಮುಂದೆ ಒಂದು ಬಟ್ಟೆ ಯಾವ ಲೆಕ್ಕ? ಚಿಕ್ಕಪುಟ್ಟ ಆಲಿಕಲ್ಲನ್ನು ಹೊಸ ಬಟ್ಟೆ ತಡೆಯುತ್ತದೆ, ಹಳೆಯದು ತೂತಾಗುತ್ತದೆ.

ಪ್ರಶ್ನೆ: ಟಾಪರ್ ಇದ್ದರೆ ಸೀಲ್‌ಗೆ ಏನೂ ಹಚ್ಚುವುದು ಬೇಡ ತಾನೆ?
ಎಡಿಸನ್, ನ್ಯೂಜೆರ್ಸಿ

ಉತ್ತರ: ಬೇಕು. ಮೊದಲು ಸೋಪಿನ ನೀರಲ್ಲಿ ಒರೆಸಿ ಒಣಗಿಸಿ, ಆಮೇಲೆ ರಬ್ಬರ್ ಸೀಲ್‌ಗೆಂದೇ ಸಿಗುವ ಕಂಡೀಷನರ್ ಹಚ್ಚಿ. ಪೆಟ್ರೋಲಿಯಂ ಜೆಲ್ಲಿ, ಇಂಜಿನ್ ಎಣ್ಣೆ, ಅಡುಗೆಮನೆಯ ಕೊಬ್ಬರಿ ಎಣ್ಣೆ ಬೇಡವೇ ಬೇಡ. ಕೊಬ್ಬರಿ ಎಣ್ಣೆ ಹಚ್ಚಿದವರನ್ನು ನಾನು ಕಂಡಿದ್ದೇನೆ. ಅವರ ಸೀಲ್‌ಗೆ ಇರುವೆ ಸಾಲು ಹಿಡಿದಿತ್ತು.