ಹಳೆಯ ಕಾಲದ ಫಝ್ ಪೆಡಲ್‌ಗೆ ಮೂಲ ಟ್ರಾನ್ಸಿಸ್ಟರ್‌ಗಳನ್ನೇ ತರಿಸಬೇಕೆ?

1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ, ಗಿಟಾರಿನ ದನಿಯನ್ನು ಒರಟಾಗಿಸುವ ಫಝ್ ಫೇಸ್ ಎಂಬ ಪೆಡಲ್‌ನ ದನಿಯೇ ಬೇಕೆಂದು, ಅದರಲ್ಲಿದ್ದ ಎನ್‌ಕೆಟಿ 275 ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿಗೆ ಅಷ್ಟೊಂದು ಹಣ ಹಾಕಬಹುದೇ ಎಂದು ಕೇಳಿದ್ದೀರಿ. ರಾಯಚೂರಿನಲ್ಲಿ ಕುಳಿತು ನಾನೂ ಅದೇ ಆಸೆಯಿಂದ ಆರಂಭಿಸಿದವನು.

ಎರಡು ಟ್ರಾನ್ಸಿಸ್ಟರ್, ನಾಲ್ಕಾರು ರೆಸಿಸ್ಟರ್, ಮೂರು ಕೆಪಾಸಿಟರ್, ಒಂದು 9 ವೋಲ್ಟ್ ಬ್ಯಾಟರಿ: ಇಷ್ಟರಲ್ಲೇ ಅಂಥ ದನಿ ಹುಟ್ಟುವುದು ನನಗೆ ಇಂದಿಗೂ ಬೆರಗು. ಚಳಿಗಾಲದ ರಾತ್ರಿಗಳಲ್ಲಿ ಬೆಸುಗೆ ಹಾಕಿ ಸಿದ್ಧಪಡಿಸಿದ ಪೆಡಲ್‌ಗಳನ್ನು ಕೇಳಿ ಸಿಂಧನೂರು, ಕೊಪ್ಪಳದ ಆರ್ಕೆಸ್ಟ್ರಾ ಗಿಟಾರ್ ವಾದಕರು ಮುಂಗಡ ಕೊಟ್ಟರು. ಮೇ ತಿಂಗಳ ಮದುವೆಯೊಂದರಲ್ಲಿ, ಮಧ್ಯಾಹ್ನ ಶಾಮಿಯಾನದ ಕೆಳಗೆ, ಎಳೆದು ನಿಲ್ಲಬೇಕಾದ ಸ್ವರ ಉಸಿರು ಕಟ್ಟಿದಂತೆ ತಟಕ್ಕನೆ ಕಡಿದುಹೋಯಿತು. ಬ್ಯಾಟರಿ ಬದಲಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಪ್ರಯೋಜನವಾಗಲಿಲ್ಲ. ಎಲ್ಲರ ಮುಂಗಡವನ್ನೂ ಹಿಂದಿರುಗಿಸಬೇಕಾಯಿತು.

ಕಾರಣವನ್ನು ವಿವರವಾಗಿಯೇ ಹೇಳುತ್ತೇನೆ. ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ನಿಯಂತ್ರಿಸುವ ಕಾಲಾದ ಬೇಸ್‌ಗೆ ಏನೂ ಕೊಡದಿದ್ದರೂ ಸ್ವಲ್ಪ ವಿದ್ಯುತ್ ಸೋರುತ್ತದೆ, ಮತ್ತು ಉಷ್ಣತೆ ಸುಮಾರು 10 ಡಿಗ್ರಿ ಏರಿದಾಗಲೆಲ್ಲ ಆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 20 ಡಿಗ್ರಿಯ ರಾತ್ರಿ ಹೊಂದಿಸಿದ್ದು 40 ಡಿಗ್ರಿಯ ಮಧ್ಯಾಹ್ನಕ್ಕೆ ನಾಲ್ಕು ಪಟ್ಟು ಸೋರಿದಾಗ, ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ (ದನಿ ಹೊರಬರುವ ಕಾಲಿನಲ್ಲಿ) 4.5 ವೋಲ್ಟಿನ ಆಸುಪಾಸು ಇರಬೇಕಾದದ್ದು ಒಂದು ಬದಿಗೆ ಸರಿದು, ಕ್ಷೀಣವಾಗುವ ಸ್ವರವೆಲ್ಲ ಕತ್ತರಿಸಿಹೋಗುತ್ತದೆ. ಇದಕ್ಕಿಂತ ಮುಖ್ಯವಾಗಿ, ನಾನು ಮಲ್ಟಿಮೀಟರ್ ತೋರಿಸಿದ ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಅಂಕಿ) ನಂಬಿ ಆಯ್ಕೆ ಮಾಡಿದ್ದೆ. ಸಾಮಾನ್ಯ ಮೀಟರ್ ಸೋರಿಕೆಯನ್ನೂ ಗೇನ್ ಎಂದೇ ಎಣಿಸುತ್ತದೆ. ಹೀಗಾಗಿ ಹೆಚ್ಚು ಸೋರುವವನ್ನೇ ಉತ್ತಮವೆಂದು ಆರಿಸಿ ಜೋಡಿಸಿದ್ದೆ.

ಆದ್ದರಿಂದ ಮೂಲ ಟ್ರಾನ್ಸಿಸ್ಟರೋ ಅಲ್ಲವೋ ಎಂಬ ಪ್ರಶ್ನೆಯೇ ನಮ್ಮ ಊರಿಗೆ ಸಲ್ಲದು. ಮೈಮೇಲಿನ ಅಕ್ಷರವನ್ನು ಬಿಟ್ಟು ಸೋರಿಕೆಯನ್ನು ಅಳೆಯಿರಿ. ಬೇಸ್ ಕಾಲನ್ನು ಯಾವುದಕ್ಕೂ ಸೇರಿಸದೆ, 9 ವೋಲ್ಟ್ ಕೊಟ್ಟು, ಕಲೆಕ್ಟರಿಗೆ ಸೇರಿಸಿದ 2.4 ಕಿಲೋಓಮ್ ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಓದಿ; ಅದು ಸೋರಿಕೆಯ ಅಳತೆ. ಅನಂತರ, ಆ ರೆಸಿಸ್ಟರ್ ಬ್ಯಾಟರಿಯ ಯಾವ ತುದಿಗೆ ಸೇರಿದೆಯೋ ಅದೇ ತುದಿಗೆ ಬೇಸನ್ನು 2.2 ಮೆಗಾಓಮ್ ಮೂಲಕ ಸೇರಿಸಿ ಮತ್ತೆ ಓದಿ. ವ್ಯತ್ಯಾಸವನ್ನು 100ರಿಂದ ಗುಣಿಸಿದರೆ ಸುಮಾರಾಗಿ ನಿಜವಾದ ಗೇನ್ ಸಿಗುತ್ತದೆ. ಬೆರಳಿನ ಬಿಸಿಯೂ ಅಂಕಿಯನ್ನು ಏರಿಸುವುದರಿಂದ, ಮುಟ್ಟಿದ ಮೇಲೆ ತಣಿಯಲು ಬಿಡಬೇಕು. ಹಳೆಯ ರೇಡಿಯೊದಿಂದ ತೆಗೆದ ಎಸಿ 128 ಜರ್ಮೇನಿಯಂ ಟ್ರಾನ್ಸಿಸ್ಟರ್ ಕೂಡ ಈ ಪರೀಕ್ಷೆಯಲ್ಲಿ ಕಡಿಮೆ ಸೋರಿ ಗೆದ್ದರೆ ಸಾಕು. ಎರಡನೆಯ ಕಲೆಕ್ಟರಿನ 8.2 ಕಿಲೋಓಮ್ ಬದಲಿಗೆ 20 ಕಿಲೋಓಮ್ ಪ್ರೀಸೆಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್) ಹಾಕಿ, ಏಪ್ರಿಲ್ ಮಧ್ಯಾಹ್ನದಲ್ಲಿ ಆ 4.5 ವೋಲ್ಟ್ ಬರುವಂತೆ ಹೊಂದಿಸಿ. ಬಯಲಿನಲ್ಲಿ ನುಡಿಸುವವರಿಗೆ ನಾನು ಬಹಳ ಕಡಿಮೆ ಸೋರುವ ಸಿಲಿಕಾನ್ ಟ್ರಾನ್ಸಿಸ್ಟರಿನ ಪೆಡಲನ್ನೇ ಕೊಡುತ್ತೇನೆ. ಫಝ್ ಫೇಸ್ ಕೂಡ ಮುಂದೆ ಸಿಲಿಕಾನಿಗೆ ಬದಲಾಯಿತು.

ಮೂಲ ಸರ್ಕ್ಯೂಟಿನಲ್ಲಿ ಬ್ಯಾಟರಿಯ ಧನ ತುದಿಯೇ ಗ್ರೌಂಡ್ ಆಗಿದ್ದು, ಸಾಮಾನ್ಯ ಪೆಡಲ್‌ಗಳಲ್ಲಿ ಋಣ ತುದಿ ಗ್ರೌಂಡ್ ಆಗಿರುವುದರಿಂದ, ಈ ಪೆಡಲನ್ನು ಉಳಿದ ಪೆಡಲ್‌ಗಳ ಅಡಾಪ್ಟರಿಗೆ ಸೇರಿಸದೆ ಬೇರೆ ಬ್ಯಾಟರಿಯಲ್ಲೇ ನಡೆಸಿ.